ಕೀಬೋರ್ಡಿನ ಸೌಂಡ್ ಎಲ್ಲಿ ನಿಂತಿತು? ಸಿಂಥ್ ಮತ್ತು ಕಂಪ್ಯೂಟರ್ ಜೋಡಿಸಿದವರಿಗೆ ಸಮಗ್ರ ಮಾರ್ಗದರ್ಶಿ

"ಅಣ್ಣಾ, ಕೀಬೋರ್ಡ್ ಕಂಪ್ಯೂಟರ್‌ಗೆ ಹಚ್ಚೀನಿ. ಲೈಟ್ ಎಲ್ಲಾ ಬರಾಕತ್ತಾವ, ಸೌಂಡ್ ಮಾತ್ರ ಬರವಲ್ದು."

ಸಿಂಧನೂರಿನಲ್ಲಿ ಭಜನೆ ತಂಡಕ್ಕೆ ಕೀಬೋರ್ಡ್ ನುಡಿಸುವ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. "ಎದರಿಂದ ಬರವಲ್ದು?" ಅಂತ ಕೇಳಿದೆ. "ಎದರಿಂದ ಅಂದ್ರ? ಎದರಿಂದಾನೂ ಬರವಲ್ದು!"

ರಾಯಚೂರಿನಲ್ಲಿ ಹತ್ತಿದ ಬಸ್ಸು ಸಿಂಧನೂರು ಮುಟ್ಟಲಿಲ್ಲ ಅಂದುಕೊಳ್ಳಿ. ಮೊದಲು ಮಾನ್ವಿಗೆ ಫೋನ್ ಮಾಡಿ "ಇಲ್ಲಿ ದಾಟಿತಾ?" ಅಂತ ಕೇಳುತ್ತೇವೆ. ದಾಟಿದ್ದರೆ ಮುಂದೆ ಹುಡುಕುತ್ತೇವೆ, ದಾಟದಿದ್ದರೆ ಹಿಂದೆ. ಕೀಬೋರ್ಡಿನ ಸೌಂಡ್ ಹುಡುಕುವುದೂ ಹಾಗೇ. ಕೀ, ಒಳಗಿನ ಟೋನ್, ಜ್ಯಾಕ್, ಕೇಬಲ್, ಆಡಿಯೋ ಇಂಟರ್‌ಫೇಸ್ (ಸೌಂಡನ್ನು ಕಂಪ್ಯೂಟರಿನ ಒಳಗೆ ತರುವ, ಹೊರಗೆ ಕಳಿಸುವ ಪೆಟ್ಟಿಗೆ), ರೆಕಾರ್ಡಿಂಗ್ ಸಾಫ್ಟ್‌ವೇರ್, ಮತ್ತೆ ಇಂಟರ್‌ಫೇಸ್, ಕೊನೆಗೆ ಸ್ಪೀಕರ್. ಇಷ್ಟು ನಿಲ್ದಾಣಗಳಿವೆ. ನಡುವೆ ಎಲ್ಲಾದರೂ ನಿಲ್ಲಿಸಿ ಕೇಳಿದರೆ ಅರ್ಧ ದಾರಿಯ ಮೇಲಿನ ಅನುಮಾನ ಅಲ್ಲೇ ಮುಗಿಯುತ್ತದೆ. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ನಾನೂ ಕೂತಿದ್ದೇನೆ, ಒಂದು ಇಡೀ ಭಾನುವಾರ.

ಶುರು ಮಾಡುವ ಮುಂಚೆ ಒಂದು ಕರಾರು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲೂ ಬದಲಿಸಿ, ಪೋರ್ಟೂ ಬದಲಿಸಿ, ಸೆಟ್ಟಿಂಗೂ ಬದಲಿಸಿದರೆ ಸೌಂಡ್ ಬಂದರೂ ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಗೋಳು.

ಮೊದಲು ಹೆಡ್‌ಫೋನ್

ಯುಎಸ್‌ಬಿ ಕೇಬಲ್ ಕಿತ್ತುಬಿಡಿ. ಔಟ್‌ಪುಟ್ ಕೇಬಲ್‌ಗಳನ್ನೂ ಕಿತ್ತುಬಿಡಿ. ಕೀಬೋರ್ಡ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಹೆಡ್‌ಫೋನನ್ನು ಕೀಬೋರ್ಡಿನ ಹೆಡ್‌ಫೋನ್ ಜ್ಯಾಕಿಗೇ ಹಾಕಿ ಒಂದು ಪಿಯಾನೋ ಟೋನ್ ನುಡಿಸಿ.

ಸೌಂಡ್ ಬಂತಾ? ಹಾಗಾದರೆ ಕೀಬೋರ್ಡ್ ಚೆನ್ನಾಗಿದೆ, ತೊಂದರೆ ಹೊರಗಡೆ ಇದೆ. ಬರಲಿಲ್ಲವಾ? ಕಂಪ್ಯೂಟರನ್ನು ಸದ್ಯಕ್ಕೆ ಮರೆತುಬಿಡಿ. ಈ ಮೂರು ನೋಡಿ.

ಒಂದು, ಲೋಕಲ್ ಕಂಟ್ರೋಲ್. ಇದನ್ನು ಆಫ್ ಮಾಡಿದರೆ ಕೀಗಳಿಗೂ ಒಳಗಿನ ಟೋನ್‌ಗಳಿಗೂ ಸಂಬಂಧ ಕಡಿದುಹೋಗುತ್ತದೆ. ಒತ್ತಿದ ಕೀ ಕಂಪ್ಯೂಟರಿಗೆ ಹೋಗುತ್ತದೆ, ಆದರೆ ಕೀಬೋರ್ಡ್ ಮಾತ್ರ ಮೌನ. ರೆಕಾರ್ಡಿಂಗ್‌ಗೆ ಅಂತ ಯಾರೋ ಆಫ್ ಮಾಡಿ ಮರೆತಿರುತ್ತಾರೆ. ಕೆಲವು ಕೀಬೋರ್ಡುಗಳಲ್ಲಿ ಪವರ್ ಆಫ್ ಮಾಡಿ ಆನ್ ಮಾಡಿದರೆ ಲೋಕಲ್ ತಾನೇ ಆನ್ ಆಗುತ್ತದೆ, ಕೆಲವು ಆಫ್ ಆದದ್ದನ್ನು ಹಾಗೇ ನೆನಪಿಟ್ಟುಕೊಳ್ಳುತ್ತವೆ. ಮಿಡಿ ಅಥವಾ ಸಿಸ್ಟಮ್ ಮೆನುವಿನಲ್ಲಿ ಹುಡುಕಿ.

ಎರಡು, ಎಕ್ಸ್‌ಪ್ರೆಶನ್ ಪೆಡಲ್, ಅಂದರೆ ಕಾಲಿನಿಂದ ವಾಲ್ಯೂಮ್ ಏರಿಳಿಸುವ ಪೆಡಲ್. ಹಿಮ್ಮಡಿ ಕಡೆ ಒತ್ತಿ ಬಿಟ್ಟಿದ್ದರೆ ವಾಲ್ಯೂಮ್ ಸೊನ್ನೆ. ಪೆಡಲ್ ಕಿತ್ತು ನೋಡಿ.

ಮೂರು, ಅಡಾಪ್ಟರ್. ಪಕ್ಕದ ರೂಟರಿನದ್ದೂ 12 ವೋಲ್ಟ್ ಇದೆಯಲ್ಲ ಅಂತ ಚುಚ್ಚಿದ್ದೀರಾ? ವೋಲ್ಟ್ ಒಂದೇ ಇದ್ದರೆ ಸಾಲದು. ಎಷ್ಟು ಆಂಪಿಯರ್ ಕೊಡುತ್ತದೆ, ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಎಂಬುದೂ ಕೀಬೋರ್ಡ್ ಕೇಳುವುದಕ್ಕೆ ಸರಿಹೊಂದಬೇಕು. ಆ ಪುಟ್ಟ ಚಿತ್ರ ಅಡಾಪ್ಟರಿನ ಮೇಲೂ ಇರುತ್ತದೆ, ಕೀಬೋರ್ಡಿನ ಹಿಂದೆಯೂ ಇರುತ್ತದೆ. ಅದು ಉಲ್ಟಾ ಆದರೆ ಬೋರ್ಡೇ ಸುಡಬಹುದು.

ಸಿಂಧನೂರಿನ ಹುಡುಗನದ್ದು ಮೊದಲನೆಯದು. ಯಾವುದೋ ವಿಡಿಯೋ ನೋಡಿ ಲೋಕಲ್ ಆಫ್ ಮಾಡಿದ್ದ. ಆನ್ ಮಾಡಿಸಿದೆ, ಕೀಬೋರ್ಡ್ ಮಾತಾಡಿತು. "ಆದ್ರ ಕಂಪ್ಯೂಟರ್‌ನ್ಯಾಗ ಇನ್ನೂ ಬರವಲ್ದಣ್ಣ" ಅಂದ. ಅವನ ಎರಡನೇ ತಪ್ಪು ಅಲ್ಲಿತ್ತು.

ಮಿಡಿ ಅಂದರೆ ಸೌಂಡ್ ಅಲ್ಲ

ಮಿಡಿ ಒಂದು ಚೀಟಿ. "ಈ ಕೀ ಒತ್ತಿದ, ಇಷ್ಟು ಜೋರಾಗಿ ಒತ್ತಿದ, ಈಗ ಬಿಟ್ಟ" ಅಂತ ಬರೆದಿರುವ ಚೀಟಿ. ಚೀಟಿಗೆ ಕಿವಿ ಹಚ್ಚಿದರೆ ಹಾಡು ಕೇಳಿಸುತ್ತದಾ? 1983ರಲ್ಲಿ ಬೇರೆ ಬೇರೆ ಕಂಪನಿಯ ಸಿಂಥ್‌ಗಳು (ಸೌಂಡನ್ನು ತಾವೇ ತಯಾರಿಸುವ ಕೀಬೋರ್ಡುಗಳು) ಒಂದರ ಮಾತು ಒಂದಕ್ಕೆ ತಿಳಿಯಲಿ ಅಂತ ಬಂದ ಪದ್ಧತಿ ಇದು. ಆಗಿನ ಐದು ಪಿನ್ನಿನ ದುಂಡು ಜ್ಯಾಕ್ ಈಗಲೂ ಎಷ್ಟೋ ಕೀಬೋರ್ಡುಗಳ ಹಿಂದೆ ಇದೆ. ಯುಎಸ್‌ಬಿ ಕೇಬಲ್‌ನಲ್ಲಿ ಹೋಗುವುದೂ ಬಹಳ ಸಲ ಇದೇ ಚೀಟಿ.

ಕೆಲವು ಕೀಬೋರ್ಡುಗಳಲ್ಲಿ ಮಾತ್ರ ಅದೇ ಯುಎಸ್‌ಬಿ ಕೇಬಲ್‌ನಲ್ಲಿ ಆಡಿಯೋ ಕೂಡ ಹೋಗುತ್ತದೆ. ಯಮಾಹಾ ಎಂಎಕ್ಸ್61 ಅಂಥದ್ದು. ನಿಮ್ಮದರಲ್ಲಿ ಆಡಿಯೋ ಹೋಗುತ್ತದಾ ಅಂತ ಮ್ಯಾನುಯಲ್‌ನಲ್ಲಿ ನೋಡಿ. "ಯುಎಸ್‌ಬಿ ಟು ಹೋಸ್ಟ್" ಅಂತ ಬರೆದಿದ್ದ ಮಾತ್ರಕ್ಕೆ ಆಡಿಯೋ ಇದೆ ಅಂತಲ್ಲ.

ಬರೀ ಮಿಡಿ ಇದ್ದರೆ ಎರಡು ದಾರಿ. ಸಾಫ್ಟ್‌ವೇರಿನಲ್ಲಿ ಒಂದು ವರ್ಚುವಲ್ ವಾದ್ಯ ತೆರೆದು ಆ ಚೀಟಿಯನ್ನು ಅದಕ್ಕೆ ಓದಿಸಬೇಕು. ಇಲ್ಲಾ, ಕೀಬೋರ್ಡಿನದ್ದೇ ಟೋನ್ ಬೇಕು ಅಂದರೆ ಲೈನ್ ಔಟ್‌ನಿಂದ (ಕೀಬೋರ್ಡಿನ ಸೌಂಡ್ ಹೊರಬರುವ ಜ್ಯಾಕ್) ಆಡಿಯೋ ಇಂಟರ್‌ಫೇಸ್‌ಗೆ ಎರಡು ಕೇಬಲ್ ಎಳೆಯಬೇಕು, ಎಡಕ್ಕೊಂದು ಬಲಕ್ಕೊಂದು. ನಮ್ಮ ಹುಡುಗ ಒಂದು ಯುಎಸ್‌ಬಿ ಕೇಬಲ್ ಹಾಕಿ ಆಡಿಯೋ ಟ್ರ್ಯಾಕ್ ಮುಂದೆ ಕಾದು ಕೂತಿದ್ದ. ಬೆಳಗಿನ ತನಕ ಕೂತರೂ ಬರುತ್ತಿರಲಿಲ್ಲ.

ಕಂಪ್ಯೂಟರಿಗೆ ಕೀಬೋರ್ಡೇ ಕಾಣದಿದ್ದರೆ

ಕೇಬಲ್ ಮೇಲೆ ಮೊದಲ ಅನುಮಾನ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಪ್ರಿಂಟರಿನ ಕೇಬಲ್ ಮನೆಯಲ್ಲಿದ್ದರೆ ಅದನ್ನು ಹಾಕಿ ನೋಡಿ, ಕೀಬೋರ್ಡಿನ ಚೌಕಾಕಾರದ ಪೋರ್ಟಿಗೆ ಅದೇ ಹೊಂದುತ್ತದೆ. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹೆಸರು ಬಂತಾ ನೋಡಿ, ಮ್ಯಾಕ್ ಆದರೆ ಆಡಿಯೋ ಮಿಡಿ ಸೆಟಪ್‌ನಲ್ಲಿ. ಕೆಲವು ಮಾದರಿಗಳಿಗೆ ಕಂಪನಿಯ ಡ್ರೈವರ್ ಬೇಕು, ಕೆಲವಕ್ಕೆ ಬೇಡ. ಕೆಲವು ಕೀಬೋರ್ಡುಗಳ ಮೆನುವಿನಲ್ಲೇ ಡ್ರೈವರ್ ವಿಧ ಆರಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಬದಲಿಸಿದರೆ ಕೀಬೋರ್ಡ್ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ಚೀಟಿ ಬರುತ್ತಿದೆ, ಸೌಂಡ್ ಇಲ್ಲ

ಕೀ ಒತ್ತಿದಾಗ ಸಾಫ್ಟ್‌ವೇರಿನ ಮಿಡಿ ದೀಪ ಮಿನುಗುತ್ತದಾ? ಮಿನುಗಿದರೆ ಮಾನ್ವಿ ದಾಟಿತು. ಮಿನುಗದಿದ್ದರೆ, ವಿಂಡೋಸ್‌ನಲ್ಲಿ ಬೇರೆ ಯಾವುದಾದರೂ ಸಾಫ್ಟ್‌ವೇರ್ ತೆರೆದಿದೆಯಾ ನೋಡಿ. ಅಲ್ಲಿ ಬಹಳ ಸಲ ಮಿಡಿ ಪೋರ್ಟನ್ನು ಮೊದಲು ಹಿಡಿದವರೇ ಮಾಲೀಕರು, ಎರಡನೆಯವರಿಗೆ ಸಿಗುವುದಿಲ್ಲ.

ದೀಪ ಮಿನುಗಿಯೂ ಸೌಂಡ್ ಇಲ್ಲದಿದ್ದರೆ ಟ್ರ್ಯಾಕ್ ಆರ್ಮ್ ಆಗಿದೆಯಾ (ರೆಕಾರ್ಡಿಂಗ್‌ಗೆ ಸಿದ್ಧವಾಗಿದೆಯಾ), ಮಾನಿಟರ್ (ನುಡಿಸಿದ್ದನ್ನು ಆಗಲೇ ಕೇಳಿಸುವ ಬಟನ್) ಆನ್ ಇದೆಯಾ, ಚಾನೆಲ್ ಹೊಂದುತ್ತದಾ ನೋಡಿ. ಮಿಡಿಗೆ 16 ಚಾನೆಲ್. ಕೀಬೋರ್ಡ್ 1ರಲ್ಲಿ ಕಳಿಸಿ ವಾದ್ಯ 2ರಲ್ಲಿ ಕಾಯುತ್ತಿದ್ದರೆ ಇಬ್ಬರಿಗೂ ಭೇಟಿ ಇಲ್ಲ.

ಕಂಪ್ಯೂಟರಿನಿಂದ ಕೀಬೋರ್ಡಿಗೆ ಹಳೆಯ ಪ್ರಾಜೆಕ್ಟ್ ನುಡಿಸುವಾಗ ಇನ್ನೊಂದು ಮೋಸ ಇದೆ. ಹಾಡಿನ ಕೊನೆಗೆ ಫೇಡ್ ಔಟ್ ಮಾಡಿರುತ್ತೀರಿ. ಅದು ಕಂಟ್ರೋಲ್ ನಂಬರ್ 7, ಅಂದರೆ ವಾಲ್ಯೂಮ್ ಚೀಟಿ. ಕೊನೆಯಲ್ಲಿ ಸೊನ್ನೆಗೆ ಇಳಿದದ್ದು ಕೀಬೋರ್ಡಿನಲ್ಲಿ ಹಾಗೇ ಉಳಿಯುತ್ತದೆ. ಮುಂದಿನ ಹಾಡಿಗೆ ಆ ಪಾರ್ಟ್ ಮೂಕ. ಕೀಬೋರ್ಡಿನ ಮೇಲಿನ ವಾಲ್ಯೂಮ್ ಗುಂಡಿ ಪೂರ್ತಿ ತಿರುಗಿಸಿದರೂ ಪ್ರಯೋಜನವಿಲ್ಲ, ಯಾಕಂದರೆ ಅದು ಬೇರೆ ವಾಲ್ಯೂಮ್. ಟೋನ್ ಮತ್ತೆ ಆರಿಸಿ, ಅಥವಾ ಪವರ್ ಆಫ್ ಮಾಡಿ ಆನ್ ಮಾಡಿ. ಪ್ರತಿ ಹಾಡಿನ ಮೊದಲ ಬಾರ್‌ನಲ್ಲೇ ವಾಲ್ಯೂಮ್ 100 ಅಂತ ಬರೆದಿಡುವುದು ಒಳ್ಳೆಯ ಚಾಳಿ.

ಯುಎಸ್‌ಬಿ ಆಡಿಯೋ ಇರುವ ಕೀಬೋರ್ಡಿನಲ್ಲಿ ತಮಾಷೆಯೂ ಆಗುತ್ತದೆ. ಚುಚ್ಚಿದ ಕೂಡಲೇ ವಿಂಡೋಸ್ ಅದನ್ನೇ ತನ್ನ ಸ್ಪೀಕರ್ ಅಂದುಕೊಳ್ಳಬಹುದು. ಲ್ಯಾಪ್‌ಟಾಪಿನ ಎಲ್ಲಾ ಸೌಂಡ್ ಕೀಬೋರ್ಡಿನ ಹೆಡ್‌ಫೋನಿನಲ್ಲಿ! ಕೆಳಗಿನ ಸ್ಪೀಕರ್ ಗುರುತು ಒತ್ತಿ ಔಟ್‌ಪುಟ್ ಬದಲಿಸಿದರೆ ಮುಗಿಯಿತು.

ಒಂದು ಒತ್ತಿದರೆ ಎರಡು ಕೇಳುತ್ತದೆ

ಕೀ ಒತ್ತಿದಾಗ ಟೋನ್ ಒಂದು ಸಲ ನೇರವಾಗಿ ನುಡಿಯುತ್ತದೆ. ಅದೇ ಚೀಟಿ ಕಂಪ್ಯೂಟರಿಗೆ ಹೋಗಿ, ಸಾಫ್ಟ್‌ವೇರ್ ಅದನ್ನು ವಾಪಸ್ ಕಳಿಸಿ, ಮತ್ತೊಮ್ಮೆ ನುಡಿಯುತ್ತದೆ. ತಗಡಿನ ಡಬ್ಬದಲ್ಲಿ ಬಾರಿಸಿದ ಹಾಗೆ ಕೇಳುತ್ತದೆ. ಪಾಲಿಫೋನಿಯೂ (ಒಟ್ಟಿಗೆ ನುಡಿಯಬಲ್ಲ ಸ್ವರಗಳ ಲೆಕ್ಕ) ಅರ್ಧ ಆಗುತ್ತದೆ, 128 ಇದ್ದದ್ದು 64 ಇದ್ದ ಹಾಗೆ. ಉದ್ದನೆಯ ಸ್ಟ್ರಿಂಗ್ಸ್ ಸ್ವರಗಳು ನಡುವೆ ಕತ್ತರಿಸಿ ಹೋದರೆ ಇದನ್ನೇ ಅನುಮಾನಿಸಿ. ಲೋಕಲ್ ಆಫ್ ಮಾಡುವ ಸರಿಯಾದ ಜಾಗ ಇದು. ಕೆಲಸ ಮುಗಿದ ಮೇಲೆ ಆನ್ ಮಾಡುವುದು ಮರೆಯಬೇಡಿ, ಅಷ್ಟೇ.

ಮಿಡಿ ಬಿಟ್ಟು ಆಡಿಯೋದಲ್ಲೂ ಹೀಗಾಗುತ್ತದೆ. ಒಳಬಂದ ಸೌಂಡನ್ನು ನೇರವಾಗಿ ಕೇಳಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿಯೂ ಆನ್, ಸಾಫ್ಟ್‌ವೇರಿನ ಮಾನಿಟರ್ರೂ ಆನ್. ಯಾವುದಾದರೂ ಒಂದು ಸಾಕು.

ಗುಂಯ್ ಮತ್ತು ಕೀಂಯ್

ನಮ್ಮ ಕಡೆ ಜಾಸ್ತಿ ಕಾಡುವುದು ಇದು, ಅದಕ್ಕೆ ಇಲ್ಲಿ ನಿಧಾನಿಸುತ್ತೇನೆ.

ಮೊದಲು ಕಣ್ಣು ಮುಚ್ಚಿ ಸದ್ದನ್ನು ಕೇಳಿ. ದಪ್ಪ ದನಿಯಲ್ಲಿ ಒಂದೇ ಸಮ "ಗುಂಯ್" ಅಂದರೆ ಅದು ಕರೆಂಟಿನ 50 ಹರ್ಟ್ಸ್ ಅಥವಾ ಅದರ ದುಪ್ಪಟ್ಟು 100. ತೆಳ್ಳಗೆ "ಕೀಂಯ್" ಅಂತಿದ್ದು, ಮೌಸ್ ಅಲ್ಲಾಡಿಸಿದಾಗ, ಪೇಜ್ ಸರಿಸಿದಾಗ ದನಿ ಬದಲಾದರೆ ಅದು ಕಂಪ್ಯೂಟರಿನ ಒಳಗಿನ ಗಲಾಟೆ. ಯುಎಸ್‌ಬಿಯ ಗ್ರೌಂಡ್ ತಂತಿ ಹಿಡಿದು ನಿಮ್ಮ ಸ್ಪೀಕರಿಗೆ ಬಂದಿದೆ.

ಈಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ. ಸದ್ದು ನಿಂತರೆ ಚಾರ್ಜರ್ ದಾರಿಯದ್ದು. ಆಮೇಲೆ ಚಾರ್ಜರ್ ಹಾಕಿ, ಆಡಿಯೋ ಕೇಬಲ್ ಹಾಗೇ ಬಿಟ್ಟು, ಕೀಬೋರ್ಡಿನ ಯುಎಸ್‌ಬಿ ಮಾತ್ರ ಕಿತ್ತು ನೋಡಿ. ನಿಂತಿತಾ? ಅದು ಗ್ರೌಂಡ್ ಲೂಪ್. ಕೀಬೋರ್ಡ್ ಮತ್ತು ಕಂಪ್ಯೂಟರ್ ನಡುವೆ ಗ್ರೌಂಡ್ ಎರಡು ದಾರಿಯಲ್ಲಿ ಸೇರಿದೆ, ಯುಎಸ್‌ಬಿಯಲ್ಲಿ ಒಂದು, ಆಡಿಯೋ ಕೇಬಲ್‌ನಲ್ಲಿ ಇನ್ನೊಂದು. ಆ ಬಳೆಯಲ್ಲಿ ಬೇಡದ ಕರೆಂಟು ಸುತ್ತುತ್ತದೆ.

ಬಳೆ ಮುರಿಯಬೇಕು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದು ಪುಕ್ಕಟೆ ಉಪಾಯ, ಮೊದಲು ಅದನ್ನೇ ಮಾಡಿ. ಸಾಲದಿದ್ದರೆ ಡಿಐ ಬಾಕ್ಸ್, ಅಂದರೆ ಕೀಬೋರ್ಡ್ ಮತ್ತು ಇಂಟರ್‌ಫೇಸ್ ನಡುವೆ ಆಡಿಯೋ ದಾರಿಯಲ್ಲಿ ಇಡುವ ಪುಟ್ಟ ಪೆಟ್ಟಿಗೆ. ಅದರಲ್ಲಿ ಗ್ರೌಂಡ್ ದಾರಿ ಕಡಿಯುವ ಗ್ರೌಂಡ್ ಲಿಫ್ಟ್ ಬಟನ್ ಇರಬೇಕು. ಡಿಐ ಬಾಕ್ಸಿನ ಔಟ್‌ಪುಟ್ ಮೈಕ್ ಮಟ್ಟದ್ದು, ಹಾಗಾಗಿ ಇಂಟರ್‌ಫೇಸಿನ ಮೈಕ್ ಇನ್‌ಪುಟ್‌ಗೆ ಹಾಕಬೇಕು. ಇಲ್ಲವೇ ಯುಎಸ್‌ಬಿ ದಾರಿಯ ಗ್ರೌಂಡ್ ಬೇರ್ಪಡಿಸುವ ಯುಎಸ್‌ಬಿ ಐಸೊಲೇಟರ್. ಅಗ್ಗದ ಐಸೊಲೇಟರ್‌ಗಳಲ್ಲಿ ಹಲವು ಸೆಕೆಂಡಿಗೆ 12 ಮೆಗಾಬಿಟ್‌ಗಿಂತ ಜಾಸ್ತಿ ಓಡುವುದಿಲ್ಲ. ಮಿಡಿಗೆ ಅದು ಧಾರಾಳ, ದೊಡ್ಡ ಆಡಿಯೋ ಇಂಟರ್‌ಫೇಸ್‌ಗೆ ಸಾಲದು.

ನನಗೆ ಇಷ್ಟವಾದ ಉಪಾಯ ಹಳೆಯದು. ಯುಎಸ್‌ಬಿ ಬಿಟ್ಟು ಐದು ಪಿನ್ನಿನ ಮಿಡಿ ಕೇಬಲ್ ಬಳಸುವುದು. ಅದರ ಇನ್‌ಪುಟ್‌ನಲ್ಲಿ ಒಂದು ಪುಟ್ಟ ದೀಪ, ಅದರ ಎದುರಿಗೆ ಬೆಳಕು ನೋಡುವ ಒಂದು ಕಣ್ಣು ಇರುತ್ತವೆ. ಚೀಟಿ ಬೆಳಕಾಗಿ ದಾಟುತ್ತದೆ, ತಂತಿಗೆ ತಂತಿ ಮುಟ್ಟುವುದಿಲ್ಲ. ಬಳೆಯೇ ಹುಟ್ಟುವುದಿಲ್ಲ. ನಲವತ್ತು ವರ್ಷದ ಹಿಂದಿನವರು ಇಷ್ಟು ಯೋಚಿಸಿದ್ದರು, ಯುಎಸ್‌ಬಿ ಬಂದ ಮೇಲೆ ನಾವು ಅದನ್ನು ಬಿಟ್ಟುಕೊಟ್ಟೆವು.

ಇಷ್ಟೆಲ್ಲ ಮಾಡಿಯೂ ನನ್ನ ರೂಮಿನಲ್ಲಿ ಒಂದು ಮೇ ತಿಂಗಳು ಗುಂಯ್ ಹೋಗಲಿಲ್ಲ. ಕೀಬೋರ್ಡಿನ ಜ್ಯಾಕಿನ ಲೋಹ ಮುಟ್ಟಿದರೆ ಸದ್ದು ಕಡಿಮೆ ಆಗುತ್ತಿತ್ತು, ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಮುಟ್ಟಿದಾಗ ಸದ್ದು ಇಳಿಯಿತು ಅಂದರೆ ಅರ್ಥ್ ಅನುಮಾನ. ಓಣಿಯ ವೈರ್‌ಮನ್ ಬಂದು ಮಲ್ಟಿಮೀಟರ್ ಹಿಡಿದರು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕಾದ ಕಡೆ ಮೂವತ್ತರ ಹತ್ತಿರ ತೋರಿಸಿತು. ಅವರು ಮೀಟರ್ ಮಡಚಿಟ್ಟು ಸೀದಾ ಹಿತ್ತಲಿಗೆ ಹೋದರು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಅರ್ಥ್ ಗುಂಡಿಯ ಸುತ್ತಲೂ ಮಣ್ಣು ಸರಿದು ಪೈಪಿಗೆ ಅಂಟಿಕೊಂಡೇ ಇರಲಿಲ್ಲ.

"ಇದಕ್ಕ ನೀರು ಕುಡಿಸಿ ಎಷ್ಟು ದಿನ ಆತ್ರಿ?" ಅಂದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ಕೊಡ ನೀರು ಹೊಯ್ದೆವು. ಸಂಜೆಗೆ ಸದ್ದು ಅರ್ಧಕ್ಕರ್ಧ ಇಳಿದಿತ್ತು. ಮುಂದಿನ ವಾರ ಅವರೇ ಗುಂಡಿ ಅಗೆದು ಉಪ್ಪು ಇದ್ದಿಲು ತುಂಬಿ ಸರಿ ಮಾಡಿಕೊಟ್ಟರು. ಆವತ್ತಿನಿಂದ ಬೇಸಿಗೆಯಲ್ಲಿ ತುಳಸಿಗೆ ಹಾಕಿದ ಮೇಲೆ ಅರ್ಥ್ ಗುಂಡಿಗೂ ಒಂದು ಕೊಡ ನೀರು. ರಾಯಚೂರು, ಕೊಪ್ಪಳ, ಬಳ್ಳಾರಿಯ ಎರೆ ನೆಲದ ಊರುಗಳಲ್ಲಿ ಇರುವವರು ಐಸೊಲೇಟರ್ ಕೊಳ್ಳುವ ಮುಂಚೆ ಹಿತ್ತಲಿಗೆ ಒಮ್ಮೆ ಹೋಗಿ ಬನ್ನಿ. ಮೀಟರ್ ಹಿಡಿಯುವ ಕೆಲಸ ಮಾತ್ರ ವೈರ್‌ಮನ್‌ಗೇ ಬಿಡಿ.

ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿಯುವವರನ್ನು ಸ್ಟೇಜ್‌ಗಳಲ್ಲಿ ನೋಡಿದ್ದೇನೆ. ಸದ್ದು ಹೋಗುತ್ತದೆ, ನಿಜ. ಯಾವತ್ತೋ ಒಂದು ದಿನ ಮೈಕ್ ಹಿಡಿದವನ ಜೀವವೂ ಹೋಗಬಹುದು. ಮಾಡಲೇಬೇಡಿ.

ಚಟಪಟ, ಕರಕರ

ಕೇಬಲ್ ಅಲ್ಲಾಡಿಸಿದಾಗ ಕರಕರ ಅಂದರೆ ಕೇಬಲ್. ಗುಂಡಿ ತಿರುಗಿಸಿದಾಗ ಅಂದರೆ ಗುಂಡಿಯೊಳಗಿನ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ. ಏನೂ ಮುಟ್ಟದೆ, ಹಾಡು ದೊಡ್ಡದಾದಷ್ಟೂ ಚಟಪಟ ಅಂದರೆ ಕಂಪ್ಯೂಟರಿಗೆ ಉಸಿರು ಸಾಲುತ್ತಿಲ್ಲ.

ಸಾಫ್ಟ್‌ವೇರಿನ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸೌಂಡಿನ ತುಣುಕು) ಹೆಚ್ಚಿಸಿ. 128 ಇದ್ದರೆ 256, ಆಮೇಲೆ 512. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯ ಆಸಿಯೋ ಡ್ರೈವರನ್ನೇ (ಆಡಿಯೋ ಬೇಗ ಸಾಗಿಸಲೆಂದೇ ಇರುವ ಡ್ರೈವರ್) ಆರಿಸಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ರೆಕಾರ್ಡಿಂಗ್ ಹೊತ್ತಿಗೆ ವೈಫೈ ಬಂದ್. ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಒಂದನ್ನೇ ಬಂದ್ ಮಾಡಿ ಚಟಪಟ ನಿಂತದ್ದನ್ನು ಕಂಡಿದ್ದೇನೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಚಟಪಟ ಅಂದರೆ ಬಿಸಿಲು. 40 ಡಿಗ್ರಿ ದಾಟಿದ ರೂಮಿನಲ್ಲಿ ಲ್ಯಾಪ್‌ಟಾಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಹತ್ತಿ ಮಿಲ್ಲಿನ ಹತ್ತಿರ ಮನೆ ಇದ್ದವರು ಫ್ಯಾನ್ ಬಿಚ್ಚಿಸಿ ನೋಡಿ, ಒಳಗೆ ಒಂದು ಪುಟ್ಟ ಹಾಸಿಗೆ ಸಿಗುತ್ತದೆ.

ಜೋರಾದ ಸ್ವರಕ್ಕೆ ಮಾತ್ರ ಒಡೆದರೆ ಅದು ಗೇನ್ ಜಾಸ್ತಿ, ಅಂದರೆ ಇನ್‌ಪುಟ್ ಸೌಂಡನ್ನು ಹಿಗ್ಗಿಸುವುದು ಜಾಸ್ತಿ. ನಡುವೆ ಡಿಐ ಬಾಕ್ಸ್ ಇಲ್ಲದಿದ್ದರೆ ಇನ್‌ಪುಟ್ ಲೈನ್‌ಗೆ ಹಾಕಿ, ಮೈಕ್ ಅಥವಾ ಗಿಟಾರ್‌ಗೆ ಅಲ್ಲ. ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಮೈಕಿಗೆ ಕೊಡುವ ಕರೆಂಟು) ಆಫ್ ಇರಲಿ. ಜೋರಾಗಿ ನುಡಿಸಿದಾಗ ಮೀಟರ್ ಮೈನಸ್ 12 ಡೆಸಿಬಲ್ ಸುತ್ತ ನಿಂತರೆ ಸಾಕು.

ತಡವಾಗಿ ಕೇಳುತ್ತದೆ

ಬಫರ್ ಹೆಚ್ಚಿಸಿದ್ದಕ್ಕೆ ತೆರುವ ಬೆಲೆ ಇದು. 44.1 ಕಿಲೋಹರ್ಟ್ಸ್‌ನಲ್ಲಿ (ಸೌಂಡನ್ನು ಸೆಕೆಂಡಿಗೆ 44,100 ಸಲ ಅಳೆಯುವ ವೇಗ, ಸ್ಯಾಂಪಲ್ ರೇಟ್) 128 ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್, ಸ್ಪೀಕರಿನಿಂದ ಒಂದು ಮೀಟರ್ ದೂರ ಕೂತಷ್ಟು. 512 ಅಂದರೆ ಸುಮಾರು 12. ಒಳಗೆ ಬರಲು, ಹೊರಗೆ ಹೋಗಲು, ಡ್ರೈವರಿಗೆ ಅಂತ ಎಲ್ಲ ಸೇರಿದರೆ ಇನ್ನೂ ಜಾಸ್ತಿ. ನುಡಿಸುವಾಗ ಕಡಿಮೆ ಇಟ್ಟುಕೊಳ್ಳಿ, ಮಿಕ್ಸ್ ಮಾಡುವಾಗ ಹೆಚ್ಚಿಸಿ. ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು "ತಡ ಆಗ್ತಿದೆ" ಅನ್ನುವವರಿಗೆ ಯಾವ ಸೆಟ್ಟಿಂಗೂ ಉಪಯೋಗವಿಲ್ಲ. ವೈರ್ ಇರುವುದನ್ನು ಹಾಕಿ.

ಶ್ರುತಿ ಬೇರೆ, ದನಿ ಟೊಳ್ಳು

ಪೂರ್ತಿ ಅರ್ಧ ಸ್ವರ, ಒಂದು ಸ್ವರ ವ್ಯತ್ಯಾಸವಿದ್ದರೆ ಟ್ರಾನ್ಸ್‌ಪೋಸ್, ಅಂದರೆ ಎಲ್ಲ ಕೀಗಳ ಶ್ರುತಿ ಒಟ್ಟಿಗೆ ಏರಿಳಿಸುವ ಸೆಟ್ಟಿಂಗ್. ಹಾಡುವವರು ಕರಿ ಒಂದು ಕೇಳಿದರು ಅಂತ ಮೊನ್ನೆ ಏರಿಸಿ ಮರೆತಿರುತ್ತೀರಿ. ಕೀಬೋರ್ಡಿನಲ್ಲೂ ಇರುತ್ತದೆ, ಸಾಫ್ಟ್‌ವೇರಿನಲ್ಲೂ ಇರುತ್ತದೆ. ಸರಿಸುಮಾರು ಒಂದೂವರೆ ಸ್ವರಸ್ಥಾನ ವ್ಯತ್ಯಾಸವಿದ್ದು ವೇಗವೂ ಬದಲಾಗಿದ್ದರೆ ಅದು 44.1 ಮತ್ತು 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ಗಳ ಜಗಳ. ಪ್ರಾಜೆಕ್ಟ್ ಮತ್ತು ಇಂಟರ್‌ಫೇಸ್ ಎರಡನ್ನೂ ಒಂದೇ ಸಂಖ್ಯೆಗೆ ತನ್ನಿ.

ದನಿ ಟೊಳ್ಳಾಗಿ, ನಡುವಿನ ಜೀವವೇ ಹೋದಂತೆ ಕೇಳಿದರೆ ಹೆಡ್‌ಫೋನ್ ಜ್ಯಾಕಿನಿಂದ ಒಂದೇ ಸ್ಟೀರಿಯೋ ಕೇಬಲ್ ಎಳೆದು ಇಂಟರ್‌ಫೇಸಿನ ಒಂದೇ ಇನ್‌ಪುಟ್‌ಗೆ ಹಾಕಿದ್ದೀರಿ. ಆ ಬ್ಯಾಲೆನ್ಸ್‌ಡ್ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡರಲ್ಲೂ ಸಮಾನ ಇರುವುದೆಲ್ಲ ಮಾಯ. ಎರಡು ಕೇಬಲ್ ಬಳಸಿ. ಒಂದೇ ಇನ್‌ಪುಟ್ ಇದ್ದರೆ ಎಡ ಅಥವಾ ಮೋನೋ ಅಂತ ಬರೆದಿರುವ ಜ್ಯಾಕ್ ಒಂದನ್ನೇ ಹಾಕಿ.

ಸ್ವರ ನಿಲ್ಲುತ್ತಲೇ ಇಲ್ಲ, ಒಂದು ಕೀ ಮಾತ್ರ ಕೆಟ್ಟಿದೆ

ನಿಲ್ಲದ ಸ್ವರಕ್ಕೆ ಸಾಫ್ಟ್‌ವೇರಿನ ಪ್ಯಾನಿಕ್ ಬಟನ್, ಅದು ಎಲ್ಲ ಸ್ವರಗಳನ್ನೂ ಒಮ್ಮೆಗೇ ನಿಲ್ಲಿಸುತ್ತದೆ. "ಬಿಟ್ಟ" ಅನ್ನುವ ಚೀಟಿ ದಾರಿಯಲ್ಲಿ ಕಳೆದುಹೋಗಿರುತ್ತದೆ. ಪದೇ ಪದೇ ಆದರೆ ಯುಎಸ್‌ಬಿ ಸಡಿಲ ಇದೆ. ಸಸ್ಟೇನ್ ಪೆಡಲ್ (ಕೀ ಬಿಟ್ಟರೂ ಸ್ವರ ಹಿಡಿದಿಡುವ ಪೆಡಲ್) ಉಲ್ಟಾ ನಡೆದರೆ, ಪೆಡಲ್ ಮೇಲಿನ ಕಾಲು ತೆಗೆದು ಕೀಬೋರ್ಡ್ ಮತ್ತೆ ಆನ್ ಮಾಡಿ.

ಒಂದೇ ಕೀ ಮೆಲ್ಲಗೆ ಒತ್ತಿದರೂ ಕಿರುಚಿದರೆ ಸೆಟ್ಟಿಂಗ್ ಹುಡುಕಬೇಡಿ. ಪ್ರತಿ ಕೀ ಕೆಳಗೆ ರಬ್ಬರಿನಲ್ಲಿ ಎರಡು ಕಾರ್ಬನ್ ಚುಕ್ಕಿಗಳಿರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ನಡುವಿನ ಸಮಯ ನೋಡಿಯೇ ಕೀಬೋರ್ಡ್ ಎಷ್ಟು ಜೋರು ಅಂತ ತಿಳಿಯುವುದು. ಧೂಳು ಕೂತು ಲೆಕ್ಕ ತಪ್ಪಿದರೆ ಕಿರುಚುತ್ತದೆ, ಇಲ್ಲವೇ ಮೂಕಾಗುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಬೋರ್ಡಿನ ಕಡೆ ಒರೆಸಿ, ರಬ್ಬರಿನ ಚುಕ್ಕಿಗಳನ್ನು ಮಾತ್ರ ಒಣ ಬಟ್ಟೆಯಲ್ಲಿ ಹಗುರವಾಗಿ ಸವರಿ. ಉಜ್ಜಿದರೆ ಕಾರ್ಬನ್ ಕಿತ್ತುಬರುತ್ತದೆ. ಬಿಚ್ಚುವಾಗ ಹಂತಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಸ್ಕ್ರೂಗಳಲ್ಲಿ ಉದ್ದ ಗಿಡ್ಡ ಬೇರೆ ಬೇರೆ ಇರುತ್ತವೆ.

ಫ್ಯಾಕ್ಟರಿ ರೀಸೆಟ್ ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ನೀವು ಮಾಡಿಟ್ಟ ಟೋನ್‌ಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಸಿಂಧನೂರಿನ ಹುಡುಗ ನನಗೆ ಫೋನ್ ಮಾಡುವ ಮುಂಚೆಯೇ ಅದನ್ನು ಒತ್ತಿ ಕೂತಿದ್ದ. ತಂಡಕ್ಕೆ ಅಂತ ಮಾಡಿಟ್ಟಿದ್ದ ತಾಳ, ಶಹನಾಯಿ ಎಲ್ಲ ಹೋಗಿತ್ತು. ಆಮೇಲೆ ಮತ್ತೆ ವಿಡಿಯೋ ನೋಡಿ ಲೋಕಲ್ ಆಫ್ ಮಾಡಿದ್ದ.